ಉರಿ ತಾನಾಗಿ ಆರಿದರೆ

ಈ ವಾರ ನಿಮಗೊಂದು ವಿಚಿತ್ರ ಒಲೆಯ ಪರಿಚಯ ಮಾಡಿಕೊಡುತ್ತೇನೆ. ಈ ಒಲೆಯಲ್ಲಿ ಅನ್ನ ಬೇಯುವುದಿಲ್ಲ, ಮನೆಯೇ ಬೆಚ್ಚಗಾಗುತ್ತದೆ! ಅಮೆರಿಕದ ಮಿನ್ನೆಸೋಟದಂಥ ಚಳಿಯ ಸೀಮೆಯಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಬೀರುವಿನಂಥ ತಗಡಿನ ಪೆಟ್ಟಿಗೆ ಇರುತ್ತದೆ. ಅದಕ್ಕೆ ಫರ್ನೇಸ್ ಎನ್ನುತ್ತಾರೆ. ಕೊಳವೆಯಲ್ಲಿ ಬರುವ ಗ್ಯಾಸ್ ಅದರೊಳಗೆ ಉರಿಯುತ್ತದೆ. ಹೊಗೆ ಒಂದು ಕೊಳವೆಯಿಂದ ಮನೆಯ ಹೊರಗೆ ಹೋಗುತ್ತದೆ. ಕಾದ ಲೋಹವನ್ನು ಸವರಿ ಬಂದ ಬಿಸಿಗಾಳಿಯನ್ನು ದೊಡ್ಡ ಫ್ಯಾನು ಕೋಣೆಕೋಣೆಗೆ ತಳ್ಳುತ್ತದೆ. ಹೊಗೆಯೂ ಈ ಗಾಳಿಯೂ ಒಂದನ್ನೊಂದು ಮುಟ್ಟುವುದಿಲ್ಲ.

ಕಳೆದ ಜನವರಿಯಲ್ಲಿ ನಾನೂ ನಿಮ್ಮ ಅಜ್ಜಿಯೂ ಮಿನಿಯಾಪೊಲಿಸ್ ಬಳಿ ಮಗನ ಮನೆಯಲ್ಲಿದ್ದೆವು. ಒಂದು ರಾತ್ರಿ ಹೊರಗೆ ಮೈನಸ್ 24 ಡಿಗ್ರಿ. ಫರ್ನೇಸ್ ಹೊತ್ತುವುದು, ಆರುವುದು. ಮತ್ತೆ ಹೊತ್ತುವುದು, ಆರುವುದು. ಹತ್ತು ಗಂಟೆಯ ಹೊತ್ತಿಗೆ ಮನೆಯೊಳಗೆ 14 ಡಿಗ್ರಿಗೆ ಇಳಿದಿತ್ತು. ಹೀಗೇ ಬಿಟ್ಟರೆ ಗೋಡೆಯೊಳಗಿನ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ರಿಪೇರಿಯವರು ಬೆಳಿಗ್ಗೆಯೇ ಬರುವುದು ಎಂದರು.

“ಗ್ಯಾರೇಜಿನಲ್ಲಿ ಇದ್ದಿಲಿನ ಚೀಲ ಇದೆಯಲ್ಲ, ನಮ್ಮೂರಿನ ಹಾಗೆ ಅಗ್ಗಿಷ್ಟಿಕೆ ಮಾಡೋಣ” ಎಂದಳು ಅಜ್ಜಿ.

ಸೊಸೆ ತಕ್ಷಣ ತಡೆದಳು. “ಬೇಡ ಅತ್ತೆ, ಇಲ್ಲಿ ಅದು ಪ್ರಾಣಕ್ಕೇ ಅಪಾಯ.”

ಅವಳ ಮಾತು ಸರಿ. ನಮ್ಮ ಮಲೆನಾಡಿನ ಹಂಚಿನ ಮನೆಯಲ್ಲಿ ಸಂದುಗೊಂದುಗಳಿಂದ ಗಾಳಿಯಾಡುತ್ತದೆ. ಅಲ್ಲಿಯ ಮನೆಗಳೋ ಚಳಿ ನುಸುಳದಂತೆ ಡಬ್ಬಿಯ ಹಾಗೆ ಮುಚ್ಚಿರುತ್ತವೆ. ಅಂಥಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದವರು ಏಳದೇ ಇರಬಹುದು. ಆದ್ದರಿಂದ ಎಲ್ಲರೂ ಒಂದೇ ಕೋಣೆ ಸೇರಿದೆವು. ಕರೆಂಟಿನ ಹೀಟರನ್ನು ಹಾಸಿಗೆಯಿಂದ ದೂರ ಇಟ್ಟು, ಪೈಪು ಹೆಪ್ಪುಗಟ್ಟದಿರಲೆಂದು ನಲ್ಲಿಗಳಲ್ಲಿ ನೀರು ಸಣ್ಣಗೆ ಹರಿಯಬಿಟ್ಟೆವು.

ಮಲಗುವ ಮೊದಲು ಮಗ ತನ್ನ ಕೈಲಾದ ಪರೀಕ್ಷೆಗಳನ್ನೆಲ್ಲ ಮಾಡಿದ. ಗೋಡೆಯ ಥರ್ಮೋಸ್ಟಾಟಿನ ಬ್ಯಾಟರಿ ಸರಿಯಿತ್ತು. ಹೊರಗಿನ ಹೊಗೆಕೊಳವೆಗೆ ಹಿಮ ಮೆತ್ತಿರಲಿಲ್ಲ. ಗಾಳಿ ಸೋಸುವ ಫಿಲ್ಟರಿನಲ್ಲಿ ಧೂಳಿತ್ತು, ಹೊಸದು ಹಾಕಿದ. ಆದರೂ ಉರಿ ನಿಲ್ಲಲಿಲ್ಲ.

ಆಗ ಒಂಬತ್ತು ವರ್ಷದ ಮೊಮ್ಮಗ ಕೈಗಡಿಯಾರ ಹಿಡಿದು, ಪೆಟ್ಟಿಗೆಯ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿದ. “ಅಜ್ಜಾ, ನೀಲಿ ಉರಿ ಬರುತ್ತೆ, ನಾಲ್ಕು ಸೆಕೆಂಡಿಗೆ ಹೋಗುತ್ತೆ. ಮೂರು ಸಲವೂ ನಾಲ್ಕೇ!” ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟ.

ಬೆಳಿಗ್ಗೆ ಬಂದ ರಿಪೇರಿಯವರು ಚೀಟಿ ನೋಡಿ ನಕ್ಕರು. ಅರ್ಧ ಕೆಲಸ ಈ ಹುಡುಗನೇ ಮಾಡಿದ್ದಾನೆ ಎಂದರು. ಏಕೆ ಗೊತ್ತೇ? ಎಷ್ಟು ಹೊತ್ತಿಗೆ ಆರಿತು ಎಂಬುದರಲ್ಲೇ ಕಾರಣದ ಸುಳಿವಿರುತ್ತದೆ. ಕೆಲವು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಆರಿ, ಫ್ಯಾನು ಮಾತ್ರ ತಿರುಗುತ್ತಿದ್ದರೆ ಒಳಗೆ ವಿಪರೀತ ಬಿಸಿಯಾಗಿದೆ ಎಂದು ಅನುಮಾನಿಸಬೇಕು. ಕಟ್ಟಿಕೊಂಡ ಫಿಲ್ಟರಿನಿಂದ ಹೀಗಾಗುವುದು ಹೆಚ್ಚು. ಹೊತ್ತಿದ ಕೆಲವೇ ಸೆಕೆಂಡಿಗೆ ಆರಿದರೆ, ಉರಿಯನ್ನು ಕಾಯುವ ಕಡ್ಡಿಯ ಮೇಲೆ ಅನುಮಾನ.

ಆ ಕಡ್ಡಿ ಹೆಣಿಗೆಕಡ್ಡಿಯಷ್ಟು ಸಣ್ಣದು, ಉರಿಯೊಳಗೇ ನಿಂತಿರುತ್ತದೆ. ಬೆಂಕಿಯ ಮೂಲಕ ವಿದ್ಯುತ್ತು ಹರಿಯುತ್ತದೆ ಎಂದರೆ ನಂಬುತ್ತೀರಾ? ಹರಿಯುತ್ತದೆ, ಆದರೆ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗದಷ್ಟು. ಅಷ್ಟು ಹರಿದರೆ ‘ಉರಿ ಇದೆ’ ಎಂದು ಯಂತ್ರಕ್ಕೆ ತಿಳಿಯುತ್ತದೆ. ಹರಿಯದಿದ್ದರೆ ಕೂಡಲೇ ಗ್ಯಾಸ್ ನಿಲ್ಲಿಸುತ್ತದೆ. ಇಲ್ಲವಾದರೆ ಉರಿಯದ ಗ್ಯಾಸ್ ತುಂಬಿ, ಒಂದು ಕಿಡಿಗೆ ಮನೆಯೇ ಸಿಡಿದೀತು. ನಮ್ಮ ಕಡ್ಡಿಗೆ ಕಿಟ್ಟದಂಥ ತೆಳು ಪೊರೆ ಕಟ್ಟಿತ್ತು. ಅವರು ಕರೆಂಟು, ಗ್ಯಾಸ್ ಎರಡನ್ನೂ ನಿಲ್ಲಿಸಿ, ಒಂದು ಸ್ಕ್ರೂ ಬಿಚ್ಚಿ ಕಡ್ಡಿ ತೆಗೆದರು. ನಯವಾದ ಉಕ್ಕಿನ ನಾರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಉರಿ ನಿಂತಿತು.

“ಕಾಟ ಕೊಟ್ಟ ಆ ಕಡ್ಡಿಯನ್ನೇ ತೆಗೆದು ತಂತಿ ಜೋಡಿಸಿಬಿಟ್ಟರೆ ಆಗಲ್ವಾ ಅಜ್ಜಾ?” ಎಂದ ಮೊಮ್ಮಗ.

“ನಾಯಿ ಬೊಗಳಿತು ಅಂತ ನಾಯಿಯನ್ನೇ ಓಡಿಸಿದರೆ ಕಳ್ಳ ಹೋಗ್ತಾನೇನೋ ಮಗಾ?” ಎಂದೆ.

ಹಿರಿಯರೇ, ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಗ್ಯಾಸ್ ಗೀಸರ್ ಪದೇಪದೇ ಆರಿದರೆ ಬೈದು ಮತ್ತೆಮತ್ತೆ ಹೊತ್ತಿಸಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದಿಲ್ಲವೇ? ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ತಿಳಿದವರಿಂದ ಆಗಾಗ ತೋರಿಸಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ.

ಮಕ್ಕಳೇ, ಈ ವಾರದ ನಿಮ್ಮ ಕೆಲಸ: ಅಜ್ಜ ಅಥವಾ ಅಜ್ಜಿಯ ಕೈಹಿಡಿದು ಮನೆಯಲ್ಲೊಂದು ಸುತ್ತು ಹಾಕಿ. ಗ್ಯಾಸ್ ಎಲ್ಲೆಲ್ಲಿ ಉರಿಯುತ್ತದೆ? ಅಲ್ಲಿ ಕಿಟಕಿ ಇದೆಯೇ? ಅದು ತೆರೆದಿದೆಯೇ? ನೋಡಿ, ಒಂದು ಚೀಟಿಯಲ್ಲಿ ಬರೆಯಿರಿ. ಮುಟ್ಟುವ ಕೆಲಸ ದೊಡ್ಡವರಿಗಿರಲಿ, ನೋಡುವ ಕೆಲಸ ನಿಮ್ಮದು.