ತುಕ್ಕು ಕಚ್ಚಿದ ಹಬ್ಬು

ಕಡಲ ಕರೆಯಲ್ಲಿ ಮನೆಮಾಡಿಕೊಂಡವರು ಕಬ್ಬಿಣವನ್ನು ನೆಚ್ಚಿ ಕೂರುವಂತಿಲ್ಲ. ಬಾಗಿಲ ಅಗುಳಿ, ಬಾವಿಯ ರಾಟೆ, ಕಿಟಕಿಯ ಸರಳು, ಎಲ್ಲವನ್ನೂ ಉಪ್ಪುಗಾಳಿ ತಿನ್ನುವುದು. ನಮ್ಮ ಮನೆಯ ಕಾರು 2004ರಲ್ಲಿ ಕೊಂಡದ್ದು. ಮಲ್ಪೆಯ ಗಾಳಿಯನ್ನುಂಡೇ ಹಳೆಯದಾದುದು. ಕಳೆದ ಮಳೆಗಾಲದ ಕೊನೆಗೆ ಅದರ ಹಿಂಬದಿಯ ಎಡಚಕ್ರದಿಂದ ದುಂಬಿಯ ಮೊರೆತದಂತಹ ಸದ್ದು ಹೊರಟಿತು. ಒಂದು ಗ್ಯಾರೇಜಿನವರು ಟಯರಿನ ದೋಷವೆಂದು ಹೇಳಿ ಎರಡು ಹೊಸ ಟಯರುಗಳನ್ನು ಹಾಕಿದರು. ಹಣ ಹೋಯಿತು, ಸದ್ದು ಉಳಿಯಿತು. ಇನ್ನು ಹದಿನೈದು ದಿನಗಳಲ್ಲಿ ಮನೆಮಂದಿಯೆಲ್ಲ ಆಗುಂಬೆಯ ಘಾಟಿಯನ್ನೇರಿ ಮದುವೆಗೆ ಹೋಗಬೇಕಾಗಿದ್ದಿತು.

ಪರೀಕ್ಷೆ ಸುಲಭವಾದುದೇ. ಚಕ್ರವನ್ನು ನೆಲದಿಂದೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಕೊಂಚವೂ ಸಡಿಲವಿರಬಾರದು. ಕೈಯಿಂದ ತಿರುಗಿಸಿದರೆ ಮರಳು ಅರೆದಂತಹ ಸದ್ದು ಬರಬಾರದು. ನಮ್ಮದರಲ್ಲಿ ಎರಡೂ ಕಂಡುವು. ಬೇರಿಂಗು ಸವೆದಿದ್ದಿತು. ಅದು ಪೂರ್ಣವಾಗಿ ಕೆಟ್ಟರೆ ಚಕ್ರವೇ ಓಲಾಡತೊಡಗುವುದು. ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿಯೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಂತಹ ಕಾರುಗಳಲ್ಲಿ ಬೇರಿಂಗೂ ಚಕ್ರದ ನಾಭಿಯೂ, ಎಂದರೆ ಹಬ್ಬೂ, ಒಂದೇ ಗಡ್ಡೆಯಾಗಿರುವುವು. ಒಳಬದಿಯಿಂದ ನಾಲ್ಕು ಬೋಲ್ಟುಗಳು ಅದನ್ನು ಅಚ್ಚಿಗೆ ಬಿಗಿದಿರುವುವು. ಬೋಲ್ಟು ತೆಗೆದೊಡನೆ ಹಬ್ಬು ಕೈಗೆ ಬರುವುದೆಂದು ನಾವು ತಿಳಿದಿದ್ದೆವು. ಆದರೆ ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಎರಡು ಮಡಿಗೂ ಮಿಗಿಲಾದ ಸ್ಥಳವನ್ನು ಬೇಡುವುದು. ಕುಣಿಯೊಳಗೆ ಊದಿಕೊಂಡು ಬೆಣೆ ಹೊಡೆದಂತೆ ಕಚ್ಚಿಕೊಳ್ಳುವುದು.

ನಮ್ಮಲ್ಲಿಗೆ ಬಂದ ಮೆಕ್ಯಾನಿಕ್ ತರುಣನು ಸುತ್ತಿಗೆ ಎತ್ತಲೇ ಇಲ್ಲ. "ಅವಸರ ಬೇಡ ಮಾರಾಯ್ರೆ, ಇವತ್ತು ಎಣ್ಣೆ ಬಿಡುವ, ನಾಳೆ ಪೆಟ್ಟು ಕೊಡುವ," ಎಂದನು. ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ನಾಲ್ಕೂ ಬೋಲ್ಟುಗಳಿಗೂ ಸಂದಿಗೂ ಸಂಜೆಯೊಮ್ಮೆ, ರಾತ್ರಿಯೊಮ್ಮೆ ಬಿಟ್ಟನು. ನಮಗೆ ಆತನಲ್ಲಿ ವಿಶ್ವಾಸ ಹುಟ್ಟಿದುದು ಆಗಲೇ.

ಮರುದಿನ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟು, ಜಾಕಿನಿಂದೆತ್ತಿ ಉಕ್ಕಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದನು. ಬರಿಯ ಜಾಕನ್ನು ನಂಬಿ ಕಾರಿನಡಿ ಕೈಯಿಡುವುದು ಪ್ರಾಣದೊಡನೆ ಜೂಜಾಡಿದಂತೆ. ಬ್ರೇಕಿನ ಡ್ರಮ್ಮೂ ಕಚ್ಚಿಕೊಂಡಿದ್ದಿತು. ಅದರಲ್ಲಿರುವ ಎರಡು ಮರೆಯೆಳೆಗಳ ತೂತುಗಳಿಗೆ 8 ಮಿಲಿಮೀಟರಿನ ಬೋಲ್ಟುಗಳನ್ನು ಹಾಕಿ, ಸರದಿಯಂತೆ ಸ್ವಲ್ಪಸ್ವಲ್ಪವೇ ತಿರುಗಿಸಲು ಅದು ತಾನಾಗಿ ಹೊರಬಂದಿತು. ಡ್ರಮ್ಮು ಕಳಚಿರುವಾಗ ಮಕ್ಕಳಾರೂ ಬ್ರೇಕನ್ನು ತುಳಿಯದಂತೆ ನೋಡಿಕೊಳ್ಳತಕ್ಕದ್ದು. ತುಳಿದರೆ ಒಳಗಿನ ಪಿಸ್ಟನುಗಳು ಹೊರಚಿಮ್ಮುವುವು.

ಆಮೇಲೆ ಸೆನ್ಸರಿನ ತಂತಿಯನ್ನು ಕಳಚಿ, ಬೋಲ್ಟುಗಳನ್ನು ಕಾಲು ಸುತ್ತು ಹಿಂದಕ್ಕೆ, ಅಷ್ಟೇ ಮುಂದಕ್ಕೆ ಆಡಿಸಿ ಸಡಿಲಿಸಿದನು. ಒಂದೇ ಸಮನೆ ಜಗ್ಗಿದರೆ ತಲೆ ಮುರಿಯುವುದಂತೆ. ಬೋಲ್ಟುಗಳನ್ನು ಪೂರಾ ತೆಗೆಯದೆ, ಕೆಲವು ಸುತ್ತು ಮಾತ್ರ ಬಿಚ್ಚಿ, ಅವುಗಳ ತಲೆಗೆ ಉಕ್ಕಿನ ಸಲಾಕೆಯನ್ನಿಟ್ಟು, ಎದುರುಬದುರಾಗಿ ಪೆಟ್ಟು ಕೊಟ್ಟನು. ಆ ಹಬ್ಬೂ ಬೋಲ್ಟುಗಳೂ ಹೇಗೂ ಎಸೆಯತಕ್ಕವು; ಆದುದರಿಂದಲೇ ಈ ಉಪಾಯ. ಉಕ್ಕಿನ ಚೂರು ಸಿಡಿಯುವುದರಿಂದ ಕನ್ನಡಕ ಹಾಕಿಕೊಂಡಿದ್ದನು. ಬೆಂಕಿಯಿಂದ ಕಾಯಿಸಬಾರದೇ ಎಂದು ಕೇಳಿದೆವು. ಎಣ್ಣೆ, ರಬ್ಬರು, ಬ್ರೇಕಿನ ದ್ರವ ಎಲ್ಲವೂ ಬಳಿಯಲ್ಲಿರುವಾಗ ಬೇಡವೆಂದನು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಕೆಂಪುಪುಡಿ ಉದುರಿತು. ಹಬ್ಬು ಕೂದಲೆಳೆಯಷ್ಟು ಸರಿದು, ಒಮ್ಮೆಲೇ ಕಳಚಿತು. ಬ್ರೇಕಿನ ತಟ್ಟೆಯನ್ನು ಕೊಳವೆ ಬಾಗದಂತೆ ತಂತಿಯಿಂದ ಮೊದಲೇ ಕಟ್ಟಿದ್ದನು.

ಕುಣಿಯನ್ನು ತಂತಿಬ್ರಶ್ಶಿನಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಕಚ್ಚದಂತೆ ತಡೆಯುವ ಲೇಪವನ್ನು ತೆಳ್ಳಗೆ ಸವರಿದನು. ಆ ಜಿಡ್ಡು ಬ್ರೇಕಿಗೆ ತಾಗಬಾರದು. ಹೊಸ ಬೋಲ್ಟುಗಳನ್ನು ಅಂದಾಜಿನಿಂದಲ್ಲ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿದನು.

ಮದುವೆಗೆ ಹೋಗಿ ಬಂದೆವು. ಘಾಟಿಯಲ್ಲಿ ಮಕ್ಕಳ ಗದ್ದಲದ ಹೊರತು ಬೇರಾವ ಸದ್ದೂ ಕೇಳಲಿಲ್ಲ. ಹಳೆಯ ಹಬ್ಬು ಈಗ ನಮ್ಮ ಅಂಗಳದಲ್ಲಿ, ಹಪ್ಪಳ ಒಣಹಾಕುವ ಚಾಪೆಯ ಮೂಲೆಗೆ ಭಾರವಾಗಿ ಕುಳಿತಿದೆ.