ಪುನರುಕ್ತಿಯ ಬಲ

ಈ ವಾರ ಕೇಳಿದ ಶಾಲಾ ಭಾಷಣ ಸ್ಪರ್ಧೆಯಲ್ಲಿ ಮಕ್ಕಳೆಲ್ಲ ಒಂದೊಂದು ಸಾಲನ್ನು ಹಿಡಿದು ಮತ್ತೆ ಮತ್ತೆ ಹೇಳಿದರು. ದನಿ ಏರಿತು, ಅರ್ಥ ನಿಂತಲ್ಲೇ ನಿಂತಿತ್ತು. ಪುನರುಕ್ತಿಯ ಬಲ ದನಿಯಲ್ಲಿಲ್ಲ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದೆದುರು ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸನ್ನು ಸಾರಿದ ಭಾಷಣ ಕೇಳಿ. ‘ನನಗೊಂದು ಕನಸಿದೆ’ ಎಂಬ ಪಲ್ಲವಿ ಒಂದೇ, ಆದರೆ ಪ್ರತಿ ಸಲವೂ ಅದರ ಬೆನ್ನಿಗೆ ಹೊಸದೊಂದು ಬರುತ್ತದೆ: ಜಾರ್ಜಿಯಾದ ಗುಡ್ಡಗಳು, ಮಿಸಿಸಿಪ್ಪಿ, ಅವರದೇ ನಾಲ್ವರು ಮಕ್ಕಳು, ಅಲಬಾಮಾ. ಕೈಗೆಟುಕದ ಕನಸಿಗೆ ಊರು, ಮಣ್ಣು, ಮುಖ ಸಿಗುತ್ತಾ ಹೋಗುತ್ತವೆ. ಆ ಭಾಗ ಅಂದು ಬರೆದು ತಂದ ಪ್ರತಿಯಲ್ಲಿ ಇರಲೇ ಇಲ್ಲ. ಹಿಂದಿನ ಭಾಷಣಗಳಲ್ಲಿ ಪಳಗಿ ನಾಲಿಗೆಯ ಮೇಲಿತ್ತು, ಅಷ್ಟೇ. ಮೇಷ್ಟ್ರುಗಳೇ, ಮಕ್ಕಳಿಗೆ ಪಲ್ಲವಿ ಕಲಿಸುವ ಮೊದಲು ಅದರ ಹಿಂದೆ ಬರಬೇಕಾದ ಊರು, ಜನರನ್ನು ತೋರಿಸಿ.