ವಂಶದ ಕಾಯಿಲೆಯಾದರೆ ಹೊಣೆ ಯಾರದು?

1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದುಡಿಯುವ ವಯಸ್ಸಿನವರೇ ಸೊಂಟ, ಮಂಡಿ ನೋವಿನಿಂದ ನೆಲ ಹಿಡಿದಾಗ ಮೊದಲ ಅನುಮಾನ ಹೋದದ್ದು ಗದ್ದೆಯ ಕಡೆಗೆ. ಕೀಟನಾಶಕ ಬಿದ್ದ ಭತ್ತದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವಿರಬೇಕು ಎಂದುಕೊಂಡರು. ರೋಗಿಗಳ ವಂಶಾವಳಿ ಬರೆಯುತ್ತ ಹೋದಂತೆ ಬೇರೆಯದೇ ಸಂಗತಿ ಕಂಡಿತು. ಚನ್ನಂಗಿ, ಛಲವಾದಿ ಸಮುದಾಯಗಳ ಕೆಲವು ಕುಟುಂಬಗಳಲ್ಲಿ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿತ್ತು. 1990ರ ದಶಕದ ಹೊತ್ತಿಗೆ ತಜ್ಞರು ಇದನ್ನು ಪ್ರಬಲ ವಂಶವಾಹಿಯ ದೋಷವೆಂದು ಗುರುತಿಸಿದರು. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ವಿಜ್ಞಾನಕ್ಕೆ ಇದೊಂದು ಮುನ್ನಡೆ. ರೋಗಿಗಳ ಪಾಲಿಗೆ ಆದದ್ದೇ ಬೇರೆ. ವಿಷ ಕಾರಣವಾಗಿದ್ದರೆ ಉತ್ತರ ಹೇಳಬೇಕಾದವರು ಹೊರಗಿರುತ್ತಿದ್ದರು. ರಕ್ತವೇ ಕಾರಣವೆಂದಾಗ ಬೆರಳು ಮನೆಯೊಳಗೆ ತಿರುಗಿತು. 'ಸಂಬಂಧದಲ್ಲಿ ಮದುವೆ ಮಾಡಿಕೊಂಡಿದ್ದಕ್ಕೆ ಹೀಗಾಯಿತು' ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಪ್ರಬಲ ದೋಷ ಕಾಣಿಸಿಕೊಳ್ಳಲು ಸೋದರಿಕೆಯ ಮದುವೆಯೇ ಬೇಕಿಲ್ಲ. ಒಳಮದುವೆಯಿಂದ ದೋಷ ಆ ಸಮುದಾಯದೊಳಗೇ ಉಳಿದಿದೆ, ನಿಜ. ಆದರೆ ಆ ಗಡಿಯನ್ನು ಎಳೆದದ್ದು ಜಾತಿ ವ್ಯವಸ್ಥೆ. ಅದರ ಬೆಲೆಯನ್ನು ದಲಿತ ಕೂಲಿಕಾರರ ಕೀಲುಗಳು ತೆರಬೇಕಾಗಿ ಬಂದಿದೆ.

ಇದು ಮಲೆನಾಡಿನ ಒಂದು ಮೂಲೆಯ ಕಥೆಯಷ್ಟೇ ಅಲ್ಲ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಇದ್ದರು. ಕೆಲವೇ ಪೂರ್ವಜರಿಂದ ಬೆಳೆದ ಗುರುತು, ಅದಕ್ಕೇ ಹೆಸರಾದ ಫಿನ್‌ಲ್ಯಾಂಡಿನ ಜನರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿರುವ 81 ಸಮುದಾಯಗಳನ್ನು ಅದು ಗುರುತಿಸಿತು. ಆರ್ಯವೈಶ್ಯರ ಉದಾಹರಣೆ ಅರಿವಳಿಕೆ ವೈದ್ಯರಿಗೆ ಚೆನ್ನಾಗಿ ಗೊತ್ತು. ಅವರಲ್ಲಿ ಕೆಲವರ ದೇಹದಲ್ಲಿ, ಸ್ನಾಯು ಸಡಿಲಿಸುವ ಒಂದು ಔಷಧವನ್ನು ಬೇಗ ಕರಗಿಸುವ ಕಿಣ್ವದ ಕೊರತೆಯಿದೆ; ಶಸ್ತ್ರಚಿಕಿತ್ಸೆ ಮುಗಿದರೂ ಉಸಿರಾಟ ಮರಳಲು ತಡವಾಗುತ್ತದೆ. ಮೊದಲೇ ತಿಳಿದಿದ್ದರೆ ಬೇರೆ ಔಷಧ ಕೊಟ್ಟರಾಯಿತು. ಅರಿವು ಹೀಗೆ ರೋಗಿಯ ಕೈಸೇರಿದಾಗಲೇ ಸಂಶೋಧನೆಗೆ ಬೆಲೆ.

ಹೇಗೆ ಸೇರಬೇಕು ಎನ್ನುವುದಕ್ಕೆ ಅಮೆರಿಕದ ಎರಡು ಅನುಭವಗಳನ್ನು ನೋಡಬೇಕು. 1971ರಲ್ಲಿ ಟೇ-ಸ್ಯಾಕ್ಸ್ ಎಂಬ ಮಾರಕ ಶಿಶುರೋಗದ ವಾಹಕರನ್ನು (ರೋಗವಿಲ್ಲದೆ ದೋಷವನ್ನಷ್ಟೇ ಹೊತ್ತವರನ್ನು) ಗುರುತಿಸುವ ಪರೀಕ್ಷೆ ಯಹೂದಿ ಸಮುದಾಯದ ಸಹಭಾಗಿತ್ವದಲ್ಲಿ, ಆಪ್ತಸಲಹೆಯೊಂದಿಗೆ ಶುರುವಾಯಿತು. ಅವರಲ್ಲಿ ಆ ರೋಗದೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಶೇ 90ಕ್ಕೂ ಹೆಚ್ಚು ಇಳಿಯಿತು. ಅದೇ ವರ್ಷಗಳಲ್ಲಿ ಕಪ್ಪು ಜನರ ಮೇಲೆ ಹಲವು ರಾಜ್ಯಗಳು ಕುಡಗೋಲು ಕಣ (ಸಿಕಲ್ ಸೆಲ್) ಎಂಬ ರಕ್ತದ ಕಾಯಿಲೆಯ ಪರೀಕ್ಷೆಯನ್ನು ಕಾನೂನಿನಿಂದ ಹೇರಿದವು. ವಾಹಕರನ್ನೇ ರೋಗಿಗಳೆಂದು ತಿಳಿದು ಕೆಲಸ, ವಿಮೆ ನಿರಾಕರಿಸಿದ್ದೂ ನಡೆಯಿತು.

ಈಗ ನಮ್ಮಲ್ಲೂ ಅದೇ ಕಾಯಿಲೆಗೆ ತಪಾಸಣೆ ನಡೆದಿದೆ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ಗುರಿ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ಪರೀಕ್ಷೆ. ಫಲಿತಾಂಶ ಕಾರ್ಡಿನಲ್ಲಿ ಬರುತ್ತದೆ. ಇದರಲ್ಲಿ ತಂದೆ, ತಾಯಿ ಇಬ್ಬರೂ ವಾಹಕರಾದರೆ ಮಾತ್ರ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು, ವಾಹಕರಾಗಿರುವುದೇ ಕಾಯಿಲೆಯಲ್ಲ ಎಂದು ಸೋಲಿಗರ ಹಾಡಿಯಲ್ಲಿ ಕುಳಿತು ಅವರಿಗೆ ತಿಳಿಯುವಂತೆ ಹೇಳುವವರು ಬೇಕು. ಇಲ್ಲದಿದ್ದರೆ ಆ ಕಾರ್ಡು ಹುಡುಗಿಯ ಮದುವೆ ತಪ್ಪಿಸುವ ಚೀಟಿಯಾದೀತು ಎಂಬುದು ನನ್ನ ಭಯ.

ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಅದರಲ್ಲಿ ಮುಂಚೂಣಿಯಲ್ಲಿತ್ತು. ಹೆಮ್ಮೆಯ ಕೆಲಸ. ಇದಕ್ಕೆ ಹಣ ಕೊಡುವ ಸರ್ಕಾರ ಜಿಲ್ಲಾ ಆಸ್ಪತ್ರೆಗೆ ಒಬ್ಬ ತಳಿ ಆಪ್ತಸಲಹೆಗಾರರನ್ನು ಯಾಕೆ ಕೊಡಬಾರದು? ಹಂದಿಗೋಡಿನ ಕಾಯಿಲೆಗೆ ಬೇರಿನಿಂದ ಗುಣಪಡಿಸುವ ಮದ್ದಿಲ್ಲ, ಆದರೆ ಸವೆದ ಸೊಂಟದ ಕೀಲನ್ನು ಬದಲಿಸಬಹುದು. ನೋವು ತಗ್ಗಿಸುವ ಚಿಕಿತ್ಸೆ, ಗಾಲಿಕುರ್ಚಿ, ಬದುಕಲು ಸಾಲುವಷ್ಟು ಪಿಂಚಣಿ ಕೊಡಬಹುದು. ಮಗು ಬೇಕೆನ್ನುವ ದಂಪತಿಗೆ ಇರುವ ಆಯ್ಕೆಗಳನ್ನು ಒತ್ತಾಯವಿಲ್ಲದೆ ವಿವರಿಸಬಹುದು. ಇವಕ್ಕಾಗಿ ಮುಂದಿನ ಅಧ್ಯಯನದ ವರದಿಗೆ ಕಾಯುವ ಅಗತ್ಯವಿಲ್ಲ. ರಾಜ್ಯ ಆರೋಗ್ಯ ಇಲಾಖೆ ಈ ವರ್ಷವೇ ಸಾಗರದಿಂದ ಶುರುಮಾಡಬಹುದು.